ಟ್ಯಾಬ್ಲೆಟ್ ತಂತ್ರಾಂಶ ಬರೆಯುವವರಿಗೆ ಬಹಿರಂಗ ಪತ್ರ: ನೆಟ್ ಹೋದರೂ ಕೆಲಸ ನಿಲ್ಲದಿರಲಿ

ಟ್ಯಾಬ್ಲೆಟ್ ತಯಾರಿಸುವ ಕಂಪನಿಗಳಿಗೆ ಮತ್ತು ಅದಕ್ಕೆ ಆ್ಯಪ್ ಬರೆಯುವ ಎಲ್ಲರಿಗೆ,

ಮಾನ್ಯರೆ,

ಏಳರಿಂದ ಹತ್ತು ಇಂಚಿನ ಟ್ಯಾಬ್ಲೆಟ್ ಹಿಡಿದು ಓದುವ, ಟಿಪ್ಪಣಿ ಬರೆಯುವ, ದಾರಿ ಹುಡುಕುವ, ಕೆಲಸದ ವೇಳಾಪಟ್ಟಿ ನೋಡಿಕೊಳ್ಳುವ ಜನರ ಪರವಾಗಿ ಈ ಪತ್ರ. ಇನ್ನೂ ತೆಳುವಾದ ಯಂತ್ರವನ್ನಾಗಲಿ, ಇನ್ನೂ ಹೊಳೆಯುವ ಸ್ಕ್ರೀನನ್ನಾಗಲಿ ನಾವು ಕೇಳುತ್ತಿಲ್ಲ. ಕೇಳುತ್ತಿರುವುದು ತಂತ್ರಾಂಶ, ಅದರಲ್ಲೂ ಒಂದು ಗುಣ: ವೈಫೈ ಇಲ್ಲದಾಗಲೂ ಟ್ಯಾಬ್ಲೆಟ್ ಕೆಲಸಕ್ಕೆ ಬರಬೇಕು, ಅದರಲ್ಲಿ ಬರೆದಿಟ್ಟದ್ದು ಯಾವ ಕಾರಣಕ್ಕೂ ಕಳೆದುಹೋಗಬಾರದು. ಎಷ್ಟೋ ಟ್ಯಾಬ್ಲೆಟ್‌ಗಳಲ್ಲಿ ಸಿಮ್ ಹಾಕಲು ಜಾಗವೇ ಇಲ್ಲ. ಫೋನಿನಂತೆ ಅದು ಸದಾ ಸಂಪರ್ಕದಲ್ಲಿರುತ್ತದೆ ಎಂದುಕೊಂಡು ಬರೆದ ಆ್ಯಪ್, ವೈಫೈ ವ್ಯಾಪ್ತಿ ದಾಟಿದೊಡನೆ ಕೈಕೊಡುತ್ತದೆ.

ಬೇಡಿಕೆ ಹಳೆಯದು. 2005ರಲ್ಲಿ ನೋಕಿಯಾ 770 ಬಂದಾಗ ಅದರ ಹೆಸರಿನಲ್ಲೇ 'ಇಂಟರ್ನೆಟ್ ಟ್ಯಾಬ್ಲೆಟ್' ಎಂದಿತ್ತು. 64 ಎಂಬಿ ರ‍್ಯಾಮ್, 128 ಎಂಬಿ ಫ್ಲ್ಯಾಶ್, 800×480 ಪಿಕ್ಸೆಲ್‌ಗಳ ಸ್ಕ್ರೀನ್, ಲಿನಕ್ಸ್ ಮೇಲೆ ಕಟ್ಟಿದ ಮೇಮೋ ಎಂಬ ಆಪರೇಟಿಂಗ್ ಸಿಸ್ಟಂ. ಬ್ರೌಸರ್ ಇತ್ತು, ಇಮೇಲ್ ಇತ್ತು, ಕ್ಯಾಲೆಂಡರ್ ಇರಲಿಲ್ಲ. ಬಳಸುವವರೇ ಜಿಪಿಇ ಕ್ಯಾಲೆಂಡರನ್ನೂ ಪುಸ್ತಕ ಓದುವ ಎಫ್‌ಬಿರೀಡರನ್ನೂ ಅದಕ್ಕೆ ಒಗ್ಗಿಸಿ ತಂದರು, ಮೇಮೋ ಮ್ಯಾಪರ್ ಬರೆದು ನಕ್ಷೆ ತುಂಬಿಕೊಂಡರು. 2010ರಲ್ಲಿ ಬಂದ ಐಪ್ಯಾಡಿಗೆ ಆಪಲ್‌ನ ಸ್ವಂತ ಕ್ಯಾಲ್ಕುಲೇಟರ್ ಸಿಕ್ಕಿದ್ದು 2024ರ ಐಪ್ಯಾಡ್‌ಒಎಸ್ 18ರಲ್ಲಿ. ಇವತ್ತು 4 ಜಿಬಿ ರ‍್ಯಾಮಿನ ಸಾಧಾರಣ ಟ್ಯಾಬ್ಲೆಟ್‌ನಲ್ಲಿ ಆ 770ರ 64 ಪಟ್ಟು ಮೆಮೊರಿ ಇದೆ. ಆದರೂ ಜನ ಕೇಳುತ್ತಿರುವುದು ಬಹುಮಟ್ಟಿಗೆ ಅದೇ ಪಟ್ಟಿ: ಆಫ್‌ಲೈನ್ ಓದು, ನಕ್ಷೆ, ಕೈಬರಹ, ಕ್ಯಾಲೆಂಡರ್ ಸಿಂಕ್ (ಎಲ್ಲ ಸಾಧನಗಳಲ್ಲೂ ಒಂದೇ ಪ್ರತಿ ಇರುವಂತೆ ಹೊಂದಿಸುವುದು). ಯಂತ್ರದ ಶಕ್ತಿ ಸಾಲದೆಂಬ ಕಾರಣ ಇನ್ನು ನಡೆಯುವುದಿಲ್ಲ.

ಮೊದಲು ಬರೆದದ್ದರ ಮಾತು. ಉದ್ದನೆಯ ಅರ್ಜಿಯೊಂದನ್ನು ಬ್ರೌಸರ್‌ನಲ್ಲಿ ತುಂಬುತ್ತಾ, ನಡುವೆ ಒಂದು ಅಂಕಿ ನೋಡಿಕೊಳ್ಳಲು ಪಿಡಿಎಫ್ ತೆರೆದು ವಾಪಸ್ ಬಂದರೆ ಪುಟ ಹೊಸದಾಗಿ ಲೋಡ್ ಆಗಿ ತುಂಬಿದ್ದೆಲ್ಲ ಖಾಲಿ. ಕಡಿಮೆ ರ‍್ಯಾಮಿನ ಟ್ಯಾಬ್ಲೆಟ್‌ಗಳಲ್ಲಿ ಇದು ನಿತ್ಯದ ಗೋಳು. ಮೆಮೊರಿ ಸಾಲದಾದಾಗ ಹಿನ್ನೆಲೆಗೆ ಸರಿದ ಆ್ಯಪನ್ನು ಆಪರೇಟಿಂಗ್ ಸಿಸ್ಟಂ ಮುಚ್ಚುವುದು ನ್ಯಾಯವೇ. ಮುಚ್ಚುವ ಮೊದಲು ಹೇಳಿ ಮುಚ್ಚುತ್ತೇನೆಂದು ಅದು ಎಂದೂ ಮಾತು ಕೊಟ್ಟಿಲ್ಲ. ತಪ್ಪಿರುವುದು 'ಬಳಸುವವರು ಸೇವ್ ಒತ್ತುತ್ತಾರೆ' ಎಂದು ಕಾಯುವ ಆ್ಯಪ್‌ನಲ್ಲಿ. ಬೆರಳು ನಿಂತ ಒಂದೆರಡು ಸೆಕೆಂಡಿಗೆ ಒಮ್ಮೆ, ಆ್ಯಪ್ ಪರದೆಯಿಂದ ಸರಿಯುವಾಗ ಇನ್ನೊಮ್ಮೆ, ಕೇಳದೆಯೇ ಉಳಿಸಿ. ಆಂಡ್ರಾಯ್ಡ್‌ನಲ್ಲಿ ಆ್ಯಪ್ ಇದ್ದ ಸ್ಥಿತಿ ಉಳಿಸಲು ಕೊಟ್ಟ 'ಬಂಡಲ್' ಎಂಬ ಚಿಕ್ಕ ಪೊಟ್ಟಣಕ್ಕೆ ಇಡೀ ಟಿಪ್ಪಣಿಯನ್ನು ತುರುಕಬೇಡಿ. ಆ ದತ್ತಾಂಶ ಹಾದುಹೋಗುವ ಬೈಂಡರ್ ಬಫರ್ (ಆ್ಯಪ್ ಮತ್ತು ವ್ಯವಸ್ಥೆಯ ನಡುವಿನ ಸಾಗಣೆಗೆ ಇಟ್ಟ ಮೆಮೊರಿ) ಒಂದು ಪ್ರಕ್ರಿಯೆಗೆ ಸುಮಾರು 1 ಎಂಬಿ ಮಾತ್ರ, ಅದೂ ಆ ಹೊತ್ತಿಗೆ ನಡೆಯುತ್ತಿರುವ ಎಲ್ಲ ವ್ಯವಹಾರಗಳಿಗೂ ಸೇರಿ. ಟಿಪ್ಪಣಿ ದೊಡ್ಡದಾದ ದಿನ ಆ್ಯಪ್ ಕುಸಿಯುತ್ತದೆ. ಅದೂ ಬೇರೆ ಆ್ಯಪಿಗೆ ಹೊರಳುವ ಕ್ಷಣದಲ್ಲೇ ಕುಸಿಯುವುದರಿಂದ ಕಾರಣ ಯಾರಿಗೂ ಹೊಳೆಯುವುದಿಲ್ಲ. ಬಂಡಲ್‌ನಲ್ಲಿ ಟಿಪ್ಪಣಿಯ ಗುರುತುಸಂಖ್ಯೆ ಮತ್ತು ಕರ್ಸರ್ ಇದ್ದ ಜಾಗ ಸಾಕು. ಪಠ್ಯ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸ್‌ನಲ್ಲಿರಲಿ.

ಫೈಲ್ ಆಗಿಯೇ ಉಳಿಸುವುದಾದರೆ ಹಳೆಯ ಫೈಲಿನ ಮೇಲೆ ನೇರವಾಗಿ ಬರೆಯಬೇಡಿ. ಅದೇ ಫೋಲ್ಡರ್‌ನಲ್ಲಿ ತಾತ್ಕಾಲಿಕ ಫೈಲ್ ಮಾಡಿ, ಪೂರ್ತಿ ಬರೆದು, ಬರೆದದ್ದನ್ನು ಫ್ಲ್ಯಾಶ್‌ಗೆ ಇಳಿಸುವ ಎಫ್‌ಸಿಂಕ್ ಕರೆದು, ಆಮೇಲೆ ಹೆಸರು ಬದಲಿಸಿ. ಎಫ್‌ಸಿಂಕ್ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಬ್ಯಾಟರಿ ಸತ್ತು ಎದ್ದ ಟ್ಯಾಬ್ಲೆಟ್‌ಗಳಲ್ಲಿ ಕಾಣಬಹುದು: ಫೈಲಿನ ಹೆಸರು ಇರುತ್ತದೆ, ಗಾತ್ರ ಸೊನ್ನೆ. ಹೆಸರು ಬದಲಾದದ್ದು ಫ್ಲ್ಯಾಶ್‌ಗೆ ಇಳಿದಿರುತ್ತದೆ, ಒಳಗಿನ ಅಕ್ಷರಗಳು ಇಳಿದಿರುವುದಿಲ್ಲ. ಎಸ್‌ಕ್ಯೂಲೈಟ್ ಬಳಸುವವರು ಬ್ಯಾಕಪ್ ವಿಷಯದಲ್ಲಿ ಎಚ್ಚರ ವಹಿಸಬೇಕು. ಅದರ 'ವಾಲ್' ಎಂಬ ಬರೆಯುವ ವಿಧಾನದಲ್ಲಿ ಇತ್ತೀಚಿನ ಬರಹ ಪಕ್ಕದ ಇನ್ನೊಂದು ಫೈಲಿನಲ್ಲಿರುತ್ತದೆ. ಮುಖ್ಯ ಫೈಲನ್ನಷ್ಟೇ ನಕಲಿಸಿದರೆ ಕೊನೆಯ ಹೊತ್ತಿನ ಕೆಲಸ ಬ್ಯಾಕಪ್‌ಗೆ ಬರುವುದೇ ಇಲ್ಲ. ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಸೌಲಭ್ಯ ಇರುವುದು ಇದಕ್ಕಾಗಿ.

ಬ್ರೌಸರ್ ಒಳಗೇ ಓಡುವ ಟಿಪ್ಪಣಿ ಆ್ಯಪ್ ಬರೆಯುವವರಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಐಪ್ಯಾಡ್‌ಒಎಸ್ 13.4ರಿಂದ, ಅಂದರೆ 2020ರಿಂದ, ಬಳಕೆದಾರರು ಸಫಾರಿ ಬಳಸಿದ 7 ದಿನಗಳಲ್ಲಿ ಒಮ್ಮೆಯೂ ಒಂದು ತಾಣವನ್ನು ಮುಟ್ಟದಿದ್ದರೆ, ಆ ತಾಣದ ಸ್ಕ್ರಿಪ್ಟ್ ಬರೆದಿಟ್ಟ ಸಂಗ್ರಹವನ್ನು ಸಫಾರಿ ಅಳಿಸುತ್ತದೆ. ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡ ವೆಬ್ ಆ್ಯಪ್‌ಗಳಿಗೆ ವಿನಾಯಿತಿ ಇದೆ. ಇದನ್ನು ಬಳಸುವವರಿಗೆ ಮೊದಲ ದಿನವೇ ತಿಳಿಸಿ, ಶಾಶ್ವತ ಸಂಗ್ರಹದ ಅನುಮತಿ ಕೇಳಿ, ಎಲ್ಲವನ್ನೂ ಒಂದೇ ಫೈಲಿಗೆ ಇಳಿಸಿಕೊಳ್ಳುವ ಗುಂಡಿಯನ್ನು ಕಣ್ಣಿಗೆ ಬೀಳುವಂತೆ ಇಡಿ. ಇಷ್ಟನ್ನೂ ಮಾಡದೆ 'ಆಫ್‌ಲೈನ್‌ನಲ್ಲೂ ಕೆಲಸ ಮಾಡುತ್ತದೆ' ಎಂದು ಬರೆಯುವುದು ಜನರನ್ನು ಗಂಡಾಂತರಕ್ಕೆ ಒಡ್ಡಿದಂತೆ.

ಸಿಂಕ್ ಕಡೆಗೆ ಬರೋಣ, ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ. ಒಂದೇ ಟಿಪ್ಪಣಿ ಫೋನಿನಲ್ಲೂ ಟ್ಯಾಬ್ಲೆಟ್‌ನಲ್ಲೂ ತಿದ್ದಲ್ಪಟ್ಟಾಗ 'ಯಾವುದು ಹೊಸದು' ಎಂದು ಗಡಿಯಾರ ನೋಡಿ ನಿರ್ಧರಿಸುವ ಆ್ಯಪ್‌ಗಳು ಹಲವು. ವಾರಗಟ್ಟಲೆ ಕಪಾಟಿನಲ್ಲಿ ಬಿದ್ದು ಚಾರ್ಜ್ ಪೂರ್ತಿ ಬರಿದಾದ ಟ್ಯಾಬ್ಲೆಟ್, ನೆಟ್‌ವರ್ಕ್‌ನಿಂದ ಸಮಯ ಪಡೆಯುವ ತನಕ ತಪ್ಪು ದಿನಾಂಕ ಹಿಡಿದಿರಬಹುದು. ಆ ಹೊತ್ತಿನಲ್ಲಿ ಬರೆದದ್ದು 'ಹಳೆಯದು' ಎಂದು ಲೆಕ್ಕವಾಗಿ ಸದ್ದಿಲ್ಲದೆ ಅಳಿಯುತ್ತದೆ. ಗಡಿಯಾರ ನಂಬಬೇಡಿ. ವೆಬ್‌ನ ಸಂವಹನ ನಿಯಮವಾದ ಎಚ್‌ಟಿಟಿಪಿಯಲ್ಲೇ ಇದಕ್ಕೆ ದಾರಿ ಇದೆ: ಪ್ರತಿ ದಾಖಲೆಗೂ ಸರ್ವರ್ ಕೊಡುವ ಇಟ್ಯಾಗನ್ನು (ಆವೃತ್ತಿಯ ಗುರುತನ್ನು) ನೆನಪಿಡಿ, ತಿದ್ದಿದ್ದನ್ನು ಕಳಿಸುವಾಗ 'ಇಫ್-ಮ್ಯಾಚ್' ಶಿರೋನಾಮೆಯಲ್ಲಿ ಅದನ್ನೇ ಕಳಿಸಿ. ಅಷ್ಟರಲ್ಲಿ ಬೇರೆಡೆ ಬದಲಾಗಿದ್ದರೆ ಸರ್ವರ್ 412 ಎಂದು ನಿರಾಕರಿಸುತ್ತದೆ. ಆಗ ಸರ್ವರ್‌ನ ಪ್ರತಿಯನ್ನು ತಂದು ಎರಡನ್ನೂ ಅಕ್ಕಪಕ್ಕ ತೋರಿಸಿ. ಬೆರೆಸಲು ಬಾರದಿದ್ದರೆ ಎರಡನ್ನೂ ಇಟ್ಟುಕೊಳ್ಳಿ. ಒಂದು ಹೆಚ್ಚಿನ ಪ್ರತಿಯನ್ನು ಕೈಯಿಂದ ಅಳಿಸುವುದು ಬಳಸುವವರಿಗೆ ಕಷ್ಟವಲ್ಲ, ಕಳೆದದ್ದನ್ನು ಮತ್ತೆ ಬರೆಯುವುದು ಕಷ್ಟ.

ಅಳಿಸಿದ್ದನ್ನು ಗುರುತಿಸುವುದು ಇನ್ನೂ ಸೂಕ್ಷ್ಮ. ಟ್ಯಾಬ್ಲೆಟ್‌ನಲ್ಲಿ ಇದೆ, ಸರ್ವರ್‌ನಲ್ಲಿ ಇಲ್ಲ ಎಂದಾಗ ಎರಡು ಅರ್ಥ ಸಾಧ್ಯ: ಅಲ್ಲಿ ಅಳಿಸಿದ್ದಾರೆ, ಇಲ್ಲವೇ ಇಲ್ಲಿಂದ ಇನ್ನೂ ಹೋಗಿಯೇ ಇಲ್ಲ. ಆ ದಾಖಲೆಗೆ ಹಿಂದೆ ಇಟ್ಯಾಗ್ ಸಿಕ್ಕಿದ್ದರೆ ಮೊದಲನೆಯದು, ಸಿಕ್ಕೇ ಇಲ್ಲದಿದ್ದರೆ ಎರಡನೆಯದು. ಸರ್ವರ್ ಇದ್ದಕ್ಕಿದ್ದಂತೆ ಖಾಲಿ ಪಟ್ಟಿ ಕೊಟ್ಟರೆ ನಿಲ್ಲಿ, ಬಳಸುವವರನ್ನು ಕೇಳಿ. ಯಾರೂ ತಮ್ಮೆಲ್ಲ ಸಂಪರ್ಕ ಸಂಖ್ಯೆಗಳನ್ನು ಒಂದೇ ಏಟಿಗೆ ಅಳಿಸುವುದಿಲ್ಲ. ಸರ್ವರ್ ಬದಲಾದಾಗ, ಖಾತೆಯ ವಿಳಾಸ ತಪ್ಪಿದಾಗ ಇಂಥ ಖಾಲಿ ಪಟ್ಟಿ ಬರುತ್ತದೆ.

ಕ್ಯಾಲೆಂಡರ್ ಸಿಂಕ್‌ಗೆ ಕ್ಯಾಲ್‌ಡ್ಯಾವ್ ಮಾನದಂಡ ಬಂದದ್ದು 2007ರಲ್ಲಿ, ಸಂಪರ್ಕ ಪಟ್ಟಿಗೆ ಕಾರ್ಡ್‌ಡ್ಯಾವ್ 2011ರಲ್ಲಿ. ಐಪ್ಯಾಡ್‌ನಲ್ಲಿ ಇವೆರಡೂ ಸೆಟ್ಟಿಂಗ್ಸ್‌ನಲ್ಲೇ ಇವೆ. ಆಂಡ್ರಾಯ್ಡ್‌ನ ಮೂಲ ವ್ಯವಸ್ಥೆಯಲ್ಲಿ ಇಲ್ಲ, ಡ್ಯಾವ್‌ಎಕ್ಸ್5ನಂಥ ಬೇರೆ ಆ್ಯಪ್ ಹಾಕಿಕೊಳ್ಳಬೇಕು. ಇದನ್ನು ವ್ಯವಸ್ಥೆಯ ಭಾಗವಾಗಿಸಿ ಎಂಬುದು ನಮ್ಮ ನೇರ ಬೇಡಿಕೆ. ಜೊತೆಗೆ, ವಾರವಾರ ಮರುಕಳಿಸುವ ಸಭೆಯ ಸಮಯವನ್ನು ಯುಟಿಸಿಗೆ (ಜಾಗತಿಕ ಸಮಯಕ್ಕೆ) ಬದಲಿಸಿ ಇಡಬೇಡಿ. ಬೇಸಿಗೆಯಲ್ಲಿ ಗಡಿಯಾರ ಮುಂದಿಡುವ ದೇಶಗಳಲ್ಲಿ ಆ ಸಭೆ ವರ್ಷದ ಅರ್ಧ ಕಾಲ ಒಂದು ಗಂಟೆ ಆಚೀಚೆ ಆಗುತ್ತದೆ. ಸ್ಥಳೀಯ ಸಮಯವನ್ನೂ ವಲಯದ ಹೆಸರನ್ನೂ ಸೇರಿಸಿ ಇಡಿ.

'ವೈಫೈ ಸಿಕ್ಕಿದೆ' ಎಂಬುದಕ್ಕೂ 'ಇಂಟರ್ನೆಟ್ ಸಿಕ್ಕಿದೆ' ಎಂಬುದಕ್ಕೂ ಅಂತರವಿದೆ. ನಿಲ್ದಾಣ, ಹೋಟೆಲುಗಳ ವೈಫೈ ಮೊದಲು ಲಾಗಿನ್ ಪುಟ ತೋರಿಸುತ್ತದೆ. ಆ ಹೊತ್ತಿನಲ್ಲಿ ಎಚ್‌ಟಿಟಿಪಿ ಮೂಲಕ ಕೇಳಿದ ಯಾವುದಕ್ಕೂ ಉತ್ತರವಾಗಿ 200 ('ಸರಿ') ಎಂಬ ಸಂಕೇತದ ಜೊತೆ ಅದೇ ಲಾಗಿನ್ ಪುಟ ಬರಬಹುದು. ಸುದ್ದಿ ಓದುವ ಆ್ಯಪ್ ಅದನ್ನೇ ಫೀಡ್ (ಲೇಖನಗಳ ಪಟ್ಟಿ) ಎಂದು ತಿಳಿದು, ಒಳಗೆ ಲೇಖನ ಒಂದೂ ಇಲ್ಲವೆಂದು ಹಳೆಯದನ್ನೆಲ್ಲ ಅಳಿಸಿದರೆ ಪ್ರಯಾಣದುದ್ದಕ್ಕೂ ಓದಲು ಏನೂ ಉಳಿಯುವುದಿಲ್ಲ. ಎಚ್‌ಟಿಟಿಪಿಎಸ್ ಬಳಸಿ, ಬಂದದ್ದರ ಬಗೆ ಯಾವುದೆಂದು ನೋಡಿ, ಹೊಸದನ್ನು ಪೂರ್ತಿ ಓದಿ ಅರ್ಥ ಮಾಡಿಕೊಂಡ ಮೇಲಷ್ಟೇ ಹಳೆಯದನ್ನು ಕೈಬಿಡಿ.

ಡೌನ್‌ಲೋಡ್‌ನದೂ ಇಂಥದೇ ಕಥೆ. ಅರ್ಧಕ್ಕೆ ನಿಂತ ದೊಡ್ಡ ಫೈಲನ್ನು ನಿಂತಲ್ಲಿಂದ ಮುಂದುವರಿಸಲು ರೇಂಜ್ ಕೋರಿಕೆ ಇದೆ. ಸರ್ವರ್ ಒಪ್ಪಿದರೆ 206 ಎನ್ನುತ್ತದೆ, ಒಪ್ಪದಿದ್ದರೆ 200 ಎಂದು ಫೈಲನ್ನು ಮೊದಲಿನಿಂದ ಕಳಿಸುತ್ತದೆ. ಈ ಎರಡನ್ನು ಬೇರ್ಪಡಿಸದೆ ಬಂದದ್ದನ್ನೆಲ್ಲ ಅರ್ಧ ಫೈಲಿನ ಬಾಲಕ್ಕೆ ಅಂಟಿಸಿದರೆ ಫೈಲ್ ಕೆಡುತ್ತದೆ. ತೆರೆಯದ ಪುಸ್ತಕ, ನಡುವೆ ನಿಲ್ಲುವ ವಿಡಿಯೊಗಳಿಗೆ ಇದೂ ಒಂದು ಮೂಲ. ನಡುವೆ ಸರ್ವರ್‌ನಲ್ಲಿ ಫೈಲೇ ಬದಲಾಗಿದ್ದರೆ? 'ಇಫ್-ರೇಂಜ್' ಜೊತೆ ಇಟ್ಯಾಗ್ ಕಳಿಸಿದರೆ ಅದೂ ಬಗೆಹರಿಯುತ್ತದೆ. ಪ್ರಕಾಶಕರು ಎಸ್‌ಎಚ್‌ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಕೊಟ್ಟಿದ್ದರೆ ಕೊನೆಯಲ್ಲಿ ತಾಳೆ ನೋಡಿ.

ವೆಬ್ ಪುಟವನ್ನು ಆಮೇಲೆ ಓದಲು ಉಳಿಸಿಕೊಂಡರೆ ಚಿತ್ರಗಳ ಜಾಗದಲ್ಲಿ ಬೂದು ಚೌಕಗಳು ಕಾಣುವುದುಂಟು. ಸ್ಕ್ರೋಲ್ ಮಾಡಿದಾಗಷ್ಟೇ ಚಿತ್ರ ಇಳಿಸುವ ಏರ್ಪಾಡು ಈಗ ಹೆಚ್ಚಿನ ತಾಣಗಳಲ್ಲಿದೆ. ಉಳಿಸುವ ಹೊತ್ತಿಗೆ ಕೆಳಗಿನ ಚಿತ್ರಗಳು ಬಂದಿರುವುದೇ ಇಲ್ಲ. ಉಳಿಸುವ ಮುನ್ನ ಬ್ರೌಸರ್ ತಾನೇ ಅವನ್ನೆಲ್ಲ ತರಿಸಿಕೊಳ್ಳಲಿ.

ಪಿಡಿಎಫ್ ಓದುವ ತಂತ್ರಾಂಶದ ಬಗ್ಗೆ ಲೆಕ್ಕ ಹಾಕಿಯೇ ಮಾತಾಡಬೇಕು. 7 ಇಂಚಿನ, 16:10 ಅನುಪಾತದ ಸ್ಕ್ರೀನಿನ ಅಗಲ ಸುಮಾರು 94 ಮಿ.ಮೀ., ಎತ್ತರ 151 ಮಿ.ಮೀ. ಎ4 ಹಾಳೆಯ ಅಗಲ 210 ಮಿ.ಮೀ. ಹಾಳೆಯನ್ನು ಅಗಲಕ್ಕೆ ಹೊಂದಿಸಿದರೆ 45 ಶೇಕಡಾಕ್ಕೆ ಕುಗ್ಗುತ್ತದೆ, 10 ಪಾಯಿಂಟ್ ಅಕ್ಷರ 4.5 ಪಾಯಿಂಟ್ ಆಗುತ್ತದೆ. ಅದನ್ನು ಓದಲಾಗದು. ಎಡಬಲದ ತಲಾ 25 ಮಿ.ಮೀ. ಅಂಚನ್ನು ಕತ್ತರಿಸಿದರೆ ಉಳಿಯುವುದು 160 ಮಿ.ಮೀ., ಅಕ್ಷರ 5.9 ಪಾಯಿಂಟ್. ಇನ್ನೂ ಸಾಲದು. ಅದೇ ಕತ್ತರಿಸಿದ ಪುಟವನ್ನು ಅಡ್ಡಲಾಗಿ ಹಿಡಿದರೆ 9.4 ಪಾಯಿಂಟ್, ಕಾಗದದಷ್ಟೇ ಸರಾಗ. ಹಾಗಾಗಿ ನಮಗೆ ಬೇಕಾದದ್ದು ಇಷ್ಟು: ಅಂಚನ್ನು ತಾನೇ ಗುರುತಿಸಿ ಕತ್ತರಿಸುವುದು, ಸಮ-ಬೆಸ ಪುಟಗಳಿಗೆ ಬೇರೆ ಬೇರೆ ಅಳತೆ ಇಡುವುದು (ಹೊಲಿಗೆಯ ಬದಿಯ ಅಂಚು ಪುಟದಿಂದ ಪುಟಕ್ಕೆ ಬದಿ ಬದಲಿಸುತ್ತದೆ), ಅಡ್ಡ ಹಿಡಿದಾಗ ಒಂದು ತಟ್ಟಿಗೆ ಒಂದು ಸ್ಕ್ರೀನಿನಷ್ಟು ಸರಿದು ಹಿಂದಿನ ಎರಡು ಸಾಲು ಮೇಲೆ ಉಳಿಯುವುದು, ಎರಡು ಅಂಕಣದ ಪುಟದಲ್ಲಿ ಮೊದಲ ಅಂಕಣದ ಬುಡದಿಂದ ಎರಡನೆಯದರ ನೆತ್ತಿಗೆ ಹಾರುವುದು. ಈ ಅಳತೆಗಳನ್ನು ಪ್ರತಿ ಪುಸ್ತಕಕ್ಕೂ ನೆನಪಿಡಬೇಕು. ಹುಡುಕಾಟದ ತೊಂದರೆ ಬೇರೆಯೇ. ಪಿಡಿಎಫ್‌ನಲ್ಲಿ ಅಕ್ಷರದ ಆಕಾರಕ್ಕೂ ಯುನಿಕೋಡ್‌ಗೂ ನಂಟು ಹೇಳುವ ಕೋಷ್ಟಕ ಇಲ್ಲದಿದ್ದರೆ ಅಥವಾ ತಪ್ಪಿದ್ದರೆ, ಕಣ್ಣಿಗೆ ಸರಿಯಾಗಿ ಕಾಣುವ ಪಠ್ಯವೂ ಹುಡುಕಾಟಕ್ಕೆ ಸಿಗುವುದಿಲ್ಲ. ಒತ್ತಕ್ಷರ ಇರುವ ಲಿಪಿಗಳಲ್ಲಿ ಇದು ಪದೇ ಪದೇ ಆಗುತ್ತದೆ. ಅದನ್ನು ಸರಿಪಡಿಸುವ ಹೊಣೆ ಪಿಡಿಎಫ್ ತಯಾರಿಸುವ ತಂತ್ರಾಂಶದ್ದು.

ಲಿಪಿಯ ಮಾತು ಬಂದದ್ದರಿಂದ ಹೇಳಿಬಿಡುತ್ತೇವೆ. 'ಕ್ಷಿ' ಎಂಬುದು ಯುನಿಕೋಡ್‌ನಲ್ಲಿ ನಾಲ್ಕು ಸಂಕೇತ. ಬಾಣದ ಕೀಲಿ ಒತ್ತಿದಾಗ ಕರ್ಸರ್ ಅದರ ಹೊಟ್ಟೆಯೊಳಗೆ ನಿಲ್ಲಬಾರದು, ಹಿಂದಳಿಸುವ ಕೀಲಿ ಮಾತ್ರ ಒಂದೊಂದೇ ಸಂಕೇತ ಅಳಿಸಲಿ. ಹತ್ತು ಇಂಚಿನ ಸ್ಕ್ರೀನಿನಲ್ಲಿ ಎರಡು ಹೆಬ್ಬೆರಳಿಗೆ ಎಟುಕುವಂತೆ ಸೀಳಿದ ಕೀಬೋರ್ಡ್, ಅದರಲ್ಲಿ ಬಾಣದ ಕೀಲಿಗಳು, ರದ್ದುಮಾಡುವ ಕೀಲಿ ಇರಲಿ.

ನಕ್ಷೆಯಲ್ಲಿ ಕೆಡುವುದು ಗಣಿತದಿಂದ. ಚಿತ್ರದ ತುಣುಕುಗಳಾಗಿ ನಕ್ಷೆ ಇಳಿಸಿಕೊಂಡರೆ ಪ್ರತಿ ಹಂತ ಹಿಗ್ಗಿದಾಗ ತುಣುಕುಗಳು ನಾಲ್ಕು ಪಟ್ಟಾಗುತ್ತವೆ. ಸಮಭಾಜಕದ ಬಳಿ 16ನೇ ಹಂತದ ಒಂದು ತುಣುಕು ಸುಮಾರು 611 ಮೀಟರ್ ಅಗಲ. 50 ಕಿ.ಮೀ. ಉದ್ದಗಲದ ಪ್ರದೇಶಕ್ಕೆ ಆ ಹಂತದಲ್ಲಿ ಸುಮಾರು 6,700 ತುಣುಕು, 18ನೇ ಹಂತದಲ್ಲಿ 1,07,000. ಒಂದೊಂದೂ 8 ಕೆಬಿ ಎಂದುಕೊಂಡರೂ ಒಟ್ಟು 850 ಎಂಬಿ, ಹಿಡಿಸಬಹುದಾದದ್ದೇ. ಆದರೆ 32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡುಗಳನ್ನು ಸಾಮಾನ್ಯವಾಗಿ 128 ಕೆಬಿ ಕ್ಲಸ್ಟರಿನ (ಫೈಲಿಗೆ ಕೊಡುವ ಅತಿ ಚಿಕ್ಕ ಜಾಗದ) ಎಕ್ಸ್‌ಫ್ಯಾಟ್ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿರುತ್ತಾರೆ. ಪ್ರತಿ ತುಣುಕನ್ನು ಬೇರೆ ಫೈಲಾಗಿ ಇಟ್ಟರೆ ಪ್ರತಿಯೊಂದೂ ಕನಿಷ್ಠ 128 ಕೆಬಿ ನುಂಗುತ್ತದೆ, ಒಟ್ಟು 13 ಜಿಬಿ ಮಾಯ. ಎಲ್ಲವನ್ನೂ ಎಂಬಿಟೈಲ್ಸ್‌ನಂಥ ಒಂದೇ ಎಸ್‌ಕ್ಯೂಲೈಟ್ ಫೈಲಿನಲ್ಲಿಟ್ಟರೆ ಈ ನಷ್ಟವಿಲ್ಲ. ಫ್ಯಾಟ್32 ಕಾರ್ಡಾದರೆ ಒಂದು ಫೈಲ್ 4 ಜಿಬಿ ಮೀರಲಾಗದು, ಅಲ್ಲಿ ಒಡೆದು ಇಡಬೇಕು. ಇದಕ್ಕಿಂತ ಒಳ್ಳೆಯ ದಾರಿ, ಚಿತ್ರದ ಬದಲು ಗೆರೆ-ಬಿಂದುಗಳ ದತ್ತಾಂಶ ಇಡುವ ವೆಕ್ಟರ್ ನಕ್ಷೆ. 14ನೇ ಹಂತದ ತನಕ ದತ್ತಾಂಶವಿದ್ದರೆ ಅದಕ್ಕಿಂತ ಹಿಗ್ಗಿದ್ದನ್ನು ಅದರಿಂದಲೇ ಬಿಡಿಸಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ತುಣುಕು ಸರ್ವರ್‌ಗಳಿಂದ ರಾಶಿಗಟ್ಟಲೆ ಇಳಿಸಿಕೊಳ್ಳುವುದನ್ನು ಅವರ ನಿಯಮವೇ ನಿಷೇಧಿಸುತ್ತದೆ, ಪ್ರದೇಶವಾರು ದತ್ತಾಂಶ ತಂದು ಬಳಸಿ. ಇನ್ನೊಂದು ತೊಡಕು: ವೈಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇಲ್ಲ. ಸುತ್ತಲಿನ ವೈಫೈ ಸಾಧನಗಳ ಗುರುತುಗಳಿಂದ ಜಾಗ ಊಹಿಸಲು ನೆಟ್ ಬೇಕು. ನೋಕಿಯಾ ಎನ್800 ಕಾಲದಲ್ಲಿ ಬ್ಲೂಟೂತ್ ಜಿಪಿಎಸ್ ಪೆಟ್ಟಿಗೆ ಜೋಡಿಸಿ ಮೇಮೋ ಮ್ಯಾಪರ್ ಓಡಿಸುತ್ತಿದ್ದರು. ಅಂಥ ಹೊರಗಿನ ಸಾಧನವನ್ನು ಇಂದಿನ ನಕ್ಷೆ ಆ್ಯಪ್‌ಗಳು ಸುತ್ತುಬಳಸಿಲ್ಲದೆ ಒಪ್ಪಿಕೊಳ್ಳಲಿ.

ಪೆನ್ನಿನ ಬರಹಕ್ಕೆ ಗೀರುಗಳನ್ನೇ ಉಳಿಸಿ, ಚಿತ್ರವನ್ನಲ್ಲ. ಕೈಬರಹದ ತಂತ್ರಾಂಶವಾದ ಝೋರ್ನಲ್ ತನ್ನ ಫೈಲನ್ನು ಜಿಜಿಪ್ ಮಾಡಿದ (ಕುಗ್ಗಿಸಿದ) ಎಕ್ಸ್‌ಎಂಎಲ್ ಪಠ್ಯವಾಗಿ ಇಟ್ಟದ್ದರಿಂದ ಆ ಬರಹವನ್ನು ಬೇರೆ ತಂತ್ರಾಂಶವೂ ಬಿಡಿಸಿ ಓದಬಲ್ಲದು. ದುಂಡಗಿನ ಅಕ್ಷರ ಮೂಲೆಮೂಲೆಯಾಗಿ ಬೀಳುವುದಕ್ಕೆ ಸಾಮಾನ್ಯ ಕಾರಣವೊಂದಿದೆ: ಆಂಡ್ರಾಯ್ಡ್ ಒಂದು ಫ್ರೇಮಿನಲ್ಲಿ ಬಂದ ಹಲವು ಬಿಂದುಗಳನ್ನು ಒಂದೇ ಘಟನೆಯಲ್ಲಿ ಕಟ್ಟಿ ಕೊಡುತ್ತದೆ, ಆ್ಯಪ್ ಕೊನೆಯದನ್ನಷ್ಟೇ ಓದಿ ನಡುವಿನ ಇತಿಹಾಸ ಬಿಂದುಗಳನ್ನು ಬಿಟ್ಟುಬಿಡುತ್ತದೆ. 60 ಹರ್ಟ್ಸ್ ಸ್ಕ್ರೀನಿನಲ್ಲಿ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್. ಸ್ಕ್ರೀನ್ ಬಿಡಿಸುವ ಅದೇ ಥ್ರೆಡ್‌ನಲ್ಲಿ (ಕೆಲಸದ ಸರಣಿಯಲ್ಲಿ) ಫೈಲ್ ಉಳಿಸಲು ಹೊರಟರೆ ಗೀರು ನಡುವೆ ತುಂಡಾಗುತ್ತದೆ. ಪೆನ್ನು ಸ್ಕ್ರೀನಿನ ಸನಿಹದಲ್ಲಿರುವ ತನಕ ಬೆರಳಿನ ಸ್ಪರ್ಶವನ್ನು ಕಡೆಗಣಿಸಿ. ಅಂಗೈ ಎಂದು ತಡವಾಗಿ ತಿಳಿದು ವ್ಯವಸ್ಥೆ ಸ್ಪರ್ಶವನ್ನು ರದ್ದು ಮಾಡಿದರೆ ಆಗಲೇ ಬಿದ್ದ ಗೀರನ್ನೂ ಅಳಿಸಿ.

ಹಳೆಯ ಟ್ಯಾಬ್ಲೆಟ್‌ಗಳು ಸಾಯುವುದು ಹೆಚ್ಚಾಗಿ ತಾಣ ಅಸಲಿ ಎಂದು ಖಾತ್ರಿಪಡಿಸುವ ಪ್ರಮಾಣಪತ್ರಗಳಿಂದ, ಪ್ರೊಸೆಸರ್‌ನಿಂದಲ್ಲ. ಆಂಡ್ರಾಯ್ಡ್ 4.1ರಿಂದ 4.4ರ ತನಕ ಸುರಕ್ಷಿತ ಸಂಪರ್ಕದ ಟಿಎಲ್‌ಎಸ್ 1.2 ಒಳಗಿದೆ, ಆದರೆ ಆ್ಯಪ್ ತಾನಾಗಿ ಚಾಲೂ ಮಾಡದಿದ್ದರೆ ಮಲಗಿಯೇ ಇರುತ್ತದೆ. 7.1.1ಕ್ಕಿಂತ ಹಳೆಯ ಆವೃತ್ತಿಗಳ ನಂಬಿಕೆಯ ಪಟ್ಟಿಯಲ್ಲಿ ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಬೇರು ಪ್ರಮಾಣಪತ್ರವಾದ ಐಎಸ್‌ಆರ್‌ಜಿ ರೂಟ್ ಎಕ್ಸ್1 ಇಲ್ಲ. ಅವಕ್ಕಾಗಿ ಉಳಿಸಿಕೊಂಡಿದ್ದ ಅಡ್ಡಸಹಿಯ (ಹಳೆಯ, ಆಗಲೇ ನಂಬಿಕೆಯಲ್ಲಿದ್ದ ಸಂಸ್ಥೆಯ ಸಹಿಯ) ಅವಧಿ 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಗಟ್ಟಿಮುಟ್ಟಾದ ಯಂತ್ರದಲ್ಲಿ ತಾಣಗಳು ತೆರೆಯದಿರಲು ಇಷ್ಟೇ ಸಾಕು. ಫೈರ್‌ಫಾಕ್ಸ್ ತನ್ನ ಪಟ್ಟಿಯನ್ನು ತಾನೇ ಹೊತ್ತು ತರುತ್ತದೆ, ಉಳಿದ ಆ್ಯಪ್‌ಗಳೂ ಹಾಗೆ ಮಾಡಬಹುದು. ತಯಾರಕರು ಬೆಂಬಲ ನಿಲ್ಲಿಸುವ ದಿನ, ಕೊನೆಯ ಅಪ್‌ಡೇಟ್ ಆಗಿ ಹೊಸ ಬೇರು ಪ್ರಮಾಣಪತ್ರಗಳನ್ನೂ ಬೇರೆ ಆಪರೇಟಿಂಗ್ ಸಿಸ್ಟಂ ಹಾಕಲು ಬೂಟ್‌ಲೋಡರ್ ತೆರೆಯುವ ಅನುಮತಿಯನ್ನೂ ಕೊಟ್ಟು ಹೋಗಲಿ. ಬೇರೆಯವರು ಅದಕ್ಕೆ ಆಂಡ್ರಾಯ್ಡ್ ಆಧಾರಿತ ಲಿನೇಜ್‌ಒಎಸ್ ಹಾಕಿ ಓಡಿಸಿಕೊಳ್ಳುತ್ತಾರೆ. ಚಾರ್ಜರ್‌ಗೆ ಸದಾ ಸಿಕ್ಕಿಸಿಟ್ಟ ಟ್ಯಾಬ್ಲೆಟ್‌ನ ಬ್ಯಾಟರಿ ಪೂರ್ಣ ಚಾರ್ಜ್ ಮತ್ತು ಬಿಸಿ ಸೇರಿ ಉಬ್ಬಬಹುದು. ಚಾರ್ಜನ್ನು 80 ಶೇಕಡಾಕ್ಕೆ ನಿಲ್ಲಿಸುವ ಆಯ್ಕೆ ಎಲ್ಲ ಮಾದರಿಗಳಲ್ಲೂ ಬರಲಿ.

ಮುಂದಿನ ಆವೃತ್ತಿ ಬಿಡುಗಡೆ ಮಾಡುವ ಮೊದಲು ಈ ಪರೀಕ್ಷೆ ಮಾಡಿ ನೋಡಿ ಎಂದು ಕೋರುತ್ತೇವೆ. ಹೊಸದಾಗಿ ಹಾಕಿದ ಆ್ಯಪನ್ನು ಒಮ್ಮೆ ಸಿಂಕ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ ಟ್ಯಾಬ್ಲೆಟ್ ಆರಿಸಿ ಹೊತ್ತಿಸಿ, ಆ್ಯಪ್ ಲಾಗಿನ್ ಕೇಳದೆ ತೆರೆಯುತ್ತದೆಯೇ ನೋಡಿ. ಪರದೆಯಿಂದ ಸರಿದ ಪುಟವನ್ನು ಕೂಡಲೇ ನಾಶಮಾಡುವ ಆಯ್ಕೆ ಆಂಡ್ರಾಯ್ಡ್‌ನ ಡೆವಲಪರ್ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನು ಚಾಲೂ ಮಾಡಿ, ಅರ್ಧ ವಾಕ್ಯ ಬರೆದು ಬೇರೆ ಆ್ಯಪಿಗೆ ಹೋಗಿ ಬನ್ನಿ. ಗಡಿಯಾರವನ್ನು ಒಂದು ದಿನ ಹಿಂದಿಟ್ಟು ಒಂದು ಟಿಪ್ಪಣಿ ತಿದ್ದಿ, ಅದನ್ನೇ ಇನ್ನೊಂದು ಸಾಧನದಲ್ಲೂ ತಿದ್ದಿ, ಎರಡನ್ನೂ ಸಿಂಕ್ ಮಾಡಿ. ಸಂಗ್ರಹದಲ್ಲಿ ಕೆಲವೇ ಎಂಬಿ ಉಳಿಯುವಂತೆ ದೊಡ್ಡ ಫೈಲುಗಳನ್ನು ತುಂಬಿ, ಡೌನ್‌ಲೋಡ್ ಶುರುಮಾಡಿ, ನಡುವೆ ವೈಫೈ ಕಿತ್ತುಹಾಕಿ. ಈ ನಾಲ್ಕರಲ್ಲಿ ಎಲ್ಲಿ ಒಂದು ಅಕ್ಷರ ಕಳೆದರೂ ಆ ದೋಷ ಸರಿಯಾಗುವ ತನಕ ಬಿಡುಗಡೆ ತಡೆಹಿಡಿಯಿರಿ.

ಇಂತಿ,
ಟ್ಯಾಬ್ಲೆಟ್ ಬಳಸುವವರು